ಬೆಲ್ಲದ ಬಣ್ಣದ ಡಬ್ಬಿ

ಅಕ್ಷರ ಬರೆಯುವಾಗ ಅವರ ದವಡೆ ಆಡುತ್ತಿತ್ತು. ಬಾಯಲ್ಲಿ ಎಲೆಯಡಿಕೆ ಇಲ್ಲ, ಏನೂ ಇಲ್ಲ. ಆದರೂ ಕುಂಚ ಕಾಗದಕ್ಕೆ ತಾಗಿತೆಂದರೆ ಎಡಗಡೆಯ ದವಡೆ ಮೆಲ್ಲಗೆ ಜಗಿಯಲು ಶುರು ಮಾಡುತ್ತಿತ್ತು. ಗೋಕಾಕದ ಬಸ್ ನಿಲ್ದಾಣದ ಹಿಂದಿನ ಪ್ರೆಸ್ಸಿಗೆ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೊದಲ ವಾರ, ಇದನ್ನು ನೋಡಿ ನಗು ತಡೆಯಲಾಗದೆ ಓಢಣಿಯನ್ನು ಬಾಯಿಗೊತ್ತಿಕೊಂಡಿದ್ದೆ. ಎಲ್ಲರೂ ಅವರನ್ನು ಪೇಂಟರ್ ಕಾಕಾ ಎನ್ನುತ್ತಿದ್ದರು. ತಿನಿಸಿನ ಡಬ್ಬಿ, ಪಾಕೀಟುಗಳ ಮೇಲಿನ ಅಕ್ಷರ ಬರೆಯುವುದು ಅವರ ಕೆಲಸ. ಬರೆದದ್ದನ್ನು ಸ್ಕ್ಯಾನ್ ಮಾಡಿ ಬಣ್ಣ ತುಂಬುವುದು ನನ್ನದು.

ತಿನ್ನದೆ ಅವರು ಬರೆದವರಲ್ಲ. ಯಾರೇ ಬರಲಿ, "ಮೊದಲ ಮಾಲ ತರ್ರಿ, ಆಮ್ಯಾಲ ಮಾತಾಡೂಣು" ಎನ್ನುವರು. ಖಾರದ ಚಟ್ನಿಯ ಅಕ್ಷರಕ್ಕೆ ಮೆಣಸಿನಕಾಯಿಯ ಮೊನೆ, ಸಂಡಿಗೆಯ ಅಕ್ಷರಕ್ಕೆ ಎಣ್ಣೆಯಲ್ಲಿ ಅರಳಿದ ಹೊಟ್ಟೆ. ಬೆಲ್ಲ, ಅಂಟು ಹಾಕಿ ಮಾಡುವ ಕರದಂಟಿನ ಅಕ್ಷರಗಳು ಮಾತ್ರ ದಪ್ಪಗೆ, ಒಂದಕ್ಕೊಂದು ಮೆತ್ತಿಕೊಂಡು ಕೂರಬೇಕು. "ಅಂಟು ಹಲ್ಲಿಗೆ ಹಿಡಿಯೂಹಂಗ ಅಕ್ಷರ ಕಣ್ಣಿಗೆ ಹಿಡೀಬೇಕ ನೋಡವಾ" ಎನ್ನುತ್ತಿದ್ದರು. ನಾನು ಕಂಪ್ಯೂಟರಿನಲ್ಲಿದ್ದ ಸಿದ್ಧ ಅಕ್ಷರಗಳನ್ನು ತೋರಿಸಿದರೆ ಮೂಗು ಮುರಿಯುತ್ತಿದ್ದರು. "ಉಪ್ಪಿಲ್ಲ, ಖಾರಿಲ್ಲ. ದವಾಖಾನಿ ಅಡಗಿ ಇದು."

ಹರೆಯದಲ್ಲಿ ಅವರು ಒಬ್ಬ ಸಾವಕಾರರ ಕರದಂಟಿಗೆ ಕೆಂಪು ಡಬ್ಬಿ, ಹಳದಿ ಅಕ್ಷರ ಮಾಡಿಕೊಟ್ಟಿದ್ದರು. ಅದು ಊರೂರಿಗೆ ಹೋಗಿ ಹೆಸರು ಮಾಡಿತು. ಉಳಿದ ಅಂಗಡಿಯವರೆಲ್ಲ ಬಂದು "ನಮಗೂ ಅಂಥಾದ್ದ ಬೇಕ್ರಿ" ಎಂದು ಕೂತರು. ಅಲ್ಲಿಂದ ಮುಂದೆ ಕಾಕಾಗೆ ಕೆಂಪು ಬಿಟ್ಟು ಬೇರೆ ಬಣ್ಣ ಸಿಗಲಿಲ್ಲ. "ಹುಡುಗತನದಾಗ ಒಮ್ಮೆ ಮಾಡಿದ್ದಕ್ಕ ಜನ್ಮಪೂರ್ತಿ ಕಟ್ಟಿ ಹಾಕ್ಯಾರ" ಎನ್ನುವರು. ನಾನು ಮೊದಮೊದಲು ನಗುತ್ತಿದ್ದೆ. ಅದೇ ಕಿಟಕಿಯಿಲ್ಲದ ಕೋಣೆ, ಅದೇ ಕೆಂಪು. ಮೂರನೆಯ ವರ್ಷಕ್ಕೆ ನನಗೂ ಉಸಿರು ಕಟ್ಟತೊಡಗಿತು.

ಕಾಕಾ ಒಮ್ಮೆ ಕೆಂಪಿನಿಂದ ತಪ್ಪಿಸಿಕೊಳ್ಳಲು ನೋಡಿದರು. ಮೂಡಲಗಿಯ ಹೆಣ್ಣುಮಗಳೊಬ್ಬಳು ಕರಿಬೇವಿನ ಚಟ್ನಿಪುಡಿ ಮಾರಲು ಹೊರಟಿದ್ದಳು. ಕಾಕಾ ಅಚ್ಚ ಹಸಿರು ಪಾಕೀಟು ಮಾಡಿ, ಚಿಗುರೊಡೆದಂಥ ಅಕ್ಷರ ಬರೆದು, ಬದಿಗೆ ಒಂದು ಎಲೆ ಬಿಡಿಸಿದರು. ಹದಿನೈದು ದಿನಕ್ಕೆ ಆಕೆ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದಳು.

"ಕಾಕಾ, ಸಂತ್ಯಾಗ ಕೊಂಡ ಒಯ್ದ ಪಾಕೀಟ ಒಬ್ಬರು ಗೋವಿನಜ್ವಾಳದ ಬೀಜದ ಜೋಡಿ ಅಟ್ಟಕ್ಕ ಏರಿಸ್ಯಾರ. ಅವರ ಹೇಣ್ತಿ ಮೂರ ದಿನ ಚಟ್ನಿ ಹುಡುಕ್ಯಾಳ್ರಿ!"

ನಮ್ಮ ಕಡೆ ಹಸಿರು ಪಾಕೀಟು, ಮೇಲೊಂದು ಎಲೆ ಎಂದರೆ ಬೀಜ, ಇಲ್ಲವೇ ಹುಳ ಸಾಯಲೆಂದು ಹೊಲಕ್ಕೆ ಹೊಡೆಯುವ ಎಣ್ಣೆ. ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಾವೇ ಕೆಂಪು ಬಣ್ಣದ ಬಾಟಲಿಯ ಮುಚ್ಚಳ ತೆಗೆದರು. ಗೋಕಾಕದ ಸಾವಕಾರರಿಗೆಲ್ಲ ಸುದ್ದಿ ಮುಟ್ಟಿತು; ಕಾಕಾ ಬೇರೆ ಬಣ್ಣದ ಮಾತೆತ್ತಿದಾಗಲೆಲ್ಲ ಅವರು "ಬ್ಯಾಡ್ರಿ ಕಾಕಾ, ಬಿತ್ತಿಬಿಟ್ಟಾರು" ಎಂದು ಕಾಡಿಸುತ್ತಿದ್ದರು.

ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗಿಳಿಯಿತು. ದಪ್ಪ ಗೆರೆಗಳು ಕಾಣುತ್ತಿದ್ದವು, ಬಣ್ಣ ತಿಳಿಯುತ್ತಿರಲಿಲ್ಲ. ಕೆಲಸ ಬಿಟ್ಟು ಹುಕ್ಕೇರಿಯ ಮನೆಗೆ ಹೋಗುವ ಮೊದಲು ಆ ಮೊದಲ ಕೆಂಪು ಡಬ್ಬಿಯ ಹಳೆಯ ಸಾವಕಾರರನ್ನು ಒಂದೇ ಒಂದು ಮಾತು ಕೇಳಿಕೊಂಡರು: ಕೊನೆಗೊಂದು ಡಬ್ಬಿ ತಮ್ಮ ಇಷ್ಟದ ಬಣ್ಣದಲ್ಲಿ ಆಗಬೇಕು. ಸಾವಕಾರರು ಕೈಮುಗಿದು ಒಪ್ಪಿದರು. ಮರುದಿನ ಕಾಕಾ ಜೇಬಿನಿಂದ ಬೆಲ್ಲದ ತುಂಡೊಂದನ್ನು ತೆಗೆದು ನನ್ನ ಪರದೆಯ ಪಕ್ಕದಲ್ಲಿಟ್ಟರು.

"ಕರದಂಟಂದ್ರ ಬೆಲ್ಲ. ಈ ಬಣ್ಣಕ್ಕ ಹೊಂದಸು. ಕುದಿಯೂ ಬೆಲ್ಲ ಅಲ್ಲ, ಆರಿದ್ದು."

ಎರಡು ದಿನ ಕೂತು ಹೊಂದಿಸಿದೆ. ಅವರು ಮೂಗು ಕಾಗದಕ್ಕೆ ತಾಗುವಷ್ಟು ಬಾಗಿ, ಜಗಿಯುತ್ತ ಜಗಿಯುತ್ತ ಅಕ್ಷರ ಬರೆದರು. ಅಂಥ ಅಕ್ಷರ ನಾನು ಮತ್ತೆ ಕಂಡಿಲ್ಲ.

ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ ಸಾವಕಾರರ ಫೋನು ಬಂತು. "ತಂಗಿ, ಅಕ್ಷರ ಕಾಕಾಂದ ಇರಲಿ. ಬಣ್ಣ ಕೆಂಪ ಹಾಕು. ಅವರಿಗೇನ ಕಾಣತೈತಿ? ಹೇಳಾಕ ಹೋಗಬ್ಯಾಡ."

ಎದುರಿಗೆ ನಿಂತಿದ್ದ ಪ್ರೆಸ್ಸಿನ ಮಾಲೀಕರು ಹಾಕು ಎಂದು ತಲೆಯಾಡಿಸಿದರು. ಆ ಸಾವಕಾರರ ಕೆಲಸ ತಪ್ಪಿದರೆ ಪ್ರೆಸ್ಸಿಗೆ ಬೀಗವೆಂದು ನನಗೂ ಗೊತ್ತಿತ್ತು. ಹಾಕಿದೆ. ಎರಡು ದಿನದ ಬೆಲ್ಲ ಅಳಿಸಿಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ.

ಡಬ್ಬಿ ಹಿಡಿದು ಹುಕ್ಕೇರಿಗೆ ನಾನೇ ಹೋಗಬೇಕಾಯಿತು. ಖರೆ ಹೇಳಿಬಿಡುತ್ತೇನೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಕಾಕಾ ಡಬ್ಬಿಯನ್ನು ಮುಖದ ಹತ್ತಿರ ತಂದು, ಅತ್ತಿತ್ತ ಹೊರಳಿಸಿದರು.

"ಬೆಲ್ಲ ಬಂದೈತೇನವಾ?"

"ಬಂದೈತ್ರಿ ಕಾಕಾ. ನೀವ ಹೇಳಿದ್ದ ಬಣ್ಣನ ಬಂದೈತಿ."

"ಹಂಗಾದ್ರ ಆತು" ಎಂದು ಗೋಡೆಗೊರಗಿದರು. ಚಹಾ ತಂದ ಅವರ ಹೆಂಡತಿ, ಕಾಕು, ಡಬ್ಬಿ ನೋಡಿದರು, ನನ್ನ ಮುಖ ನೋಡಿದರು, ಚಹಾ ಇಟ್ಟು ಒಳಗೆ ಹೋದರು. ಆಮೇಲೆ ಆ ಮನೆಯ ಕಡೆ ಹೋಗಲು ನನಗೆ ಧೈರ್ಯವಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮೂರನೆಯ ದಿನ ಹೋಗಿ ಕಾಕುವಿನ ಕೈ ಹಿಡಿದು ಅತ್ತೆ. ಬಣ್ಣ ಬದಲಿಸಿದ್ದು ನಾನೇ ಎಂದೆ.

"ಗೊತ್ತೈತಿ ತಗೋ" ಎಂದರು ಕಾಕು. "ಬಂದ ಬಂದವರಿಗೆ ತೋರಸ್ತಿದ್ರು. ಬೆಲ್ಲದ ಬಣ್ಣ ಹೆಂಗ ಕುಂತೈತಿ ನೋಡ್ರಿ ಅಂತಿದ್ರು. ಹಾಲು ಹಾಕಾಂವ, ಬೀಗರು, ಎಲ್ಲಾರೂ ಹೌದ್ರಿ ಅಂದ್ರು. ನಾನೂ ಅಂದೆ. ಇಲ್ಲಾ ಅಂದಿದ್ರ ಅವರಿಗೆ ಆ ಡಬ್ಬೀನೂ ಉಳೀತಿದ್ದಿಲ್ಲ."

ಅಕ್ಷರಕ್ಕೂ ರುಚಿಯಿದೆ ಎಂದು ನನಗೆ ಕಲಿಸಿದವರು ಅವರು. ಅದಕ್ಕೆ ನಾನು ಕೊಟ್ಟದ್ದು ಒಂದು ಸುಳ್ಳು. ಈಗಲೂ ಅದೇ ಕುರ್ಚಿಯಲ್ಲಿ ಕೂತು ಅದೇ ಕೆಂಪು ತುಂಬುತ್ತೇನೆ. ಬಿಟ್ಟು ಎಲ್ಲಿಗೆ ಹೋಗಲಿ?

ಆ ದಿನ ಹೊರಡಲು ಎದ್ದಾಗ ಕಾಕಾನ ಸಣ್ಣ ಮೊಮ್ಮಗಳು ನನ್ನ ಚೀಲ ತಂದುಕೊಟ್ಟಳು. ಅಜ್ಜನ ಮಗ್ಗುಲಲ್ಲಿ ಕೂತು ಬಣ್ಣಗಳ ಹೆಸರು ಕಲಿತ ಮಗು. ನನ್ನದು ಕಡುಗೆಂಪು ಚೀಲ. ಅದರ ಮೇಲೆ ಕೈಯಾಡಿಸಿ ಹೇಳಿದಳು:

"ಅಕ್ಕಾ, ನಿನ್ನ ಚೀಲಾ ಬೆಲ್ಲದ ಬಣ್ಣದ್ದ ಐತಿ."

"ಹೌದವಾ" ಎಂದೆ.