ಹಿಂಗಾಲಿನ ಹಗ್ಗ

ನಜೀರ, ಮೋತಿಯ ಮೊಣಕಾಲು ಹೋದದ್ದು ನಿನ್ನಿಂದಲ್ಲ. ನನ್ನಿಂದ. ಆ ಶುಕ್ರವಾರ ನೀನು ಕುದುರೆಯನ್ನು ಚೆನ್ನಾಗಿಯೇ ತಂದು ಲಾಯದಲ್ಲಿ ಕಟ್ಟಿ ನಮಾಜಿಗೆ ಹೋಗಿದ್ದೆ. ನೀವೆಲ್ಲ ಮಸೀದಿಯಲ್ಲಿದ್ದ ಹೊತ್ತಿನಲ್ಲಿ ಅವನ ಕಾಲು ಕೆಡಿಸಿದವನು — ಕೆಡಿಸಿದವನು ಅನ್ನಬೇಕೋ, ಕೆಡಲು ಬಿಟ್ಟವನು ಅನ್ನಬೇಕೋ... ಇರಲಿ, ಪದ ಹುಡುಕುತ್ತ ಕೂತರೆ ಮತ್ತೆ ಜಾರಿಕೊಳ್ಳುತ್ತೇನೆ — ನಾನು. ನಿಮ್ಮ ಲಾಯಕ್ಕೆ ಗೋಡೆ ಹಂಚಿಕೊಂಡಿದ್ದ ಹಿಟ್ಟಿನ ಗಿರಣಿಯ ಮಲ್ಲೇಶಪ್ಪ.

ಇಪ್ಪತ್ತು ವರ್ಷ ಆಗುತ್ತ ಬಂತು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ನೀನು ಕೇಳುತ್ತೀಯ, ಕೇಳಬೇಕು. ನಡೆದದ್ದನ್ನೇ ಹೇಳುತ್ತೇನೆ.

ಆಗಿನ ಮೋತಿ ನಿನಗೆ ನೆನಪಿರದೆ ಇರುತ್ತದೆಯೇ. ಈಗ ಕಂಡವರು ಹುಟ್ಟಾ ಬಿಳಿ ಕುದುರೆ ಅಂದುಕೊಳ್ಳುತ್ತಾರೆ. ಆಗ ಬೂದಿ ಬಣ್ಣ, ಹಿಂಭಾಗದ ಮೇಲೆಲ್ಲ ತಿಳಿ ಚುಕ್ಕೆ. ನಿಮ್ಮಣ್ಣ ಖಾದರ್ ಸಾಬರು ಯಾವುದೋ ಸ್ಟಡ್ ಫಾರಂನಿಂದ ಮರಿಯಾಗಿದ್ದಾಗಲೇ ತಂದ ಅರಬ್ಬಿ ಜಾತಿ. ಶಿಕಾರಿಪುರದಲ್ಲಿ ಮದುವೆ ಮೆರವಣಿಗೆ ಎಂದರೆ ಮೋತಿ ಬರಬೇಕು. ಬ್ಯಾಂಡಿನವರು ಶುರು ಮಾಡಿದರೋ ಇಲ್ಲವೋ, ಮುಂಗಾಲು ಎರಡನ್ನೂ ಒಂದಾದ ಮೇಲೊಂದು ಎದೆಮಟ್ಟ ಎತ್ತಿ ಕುಣಿಯುತ್ತಿದ್ದ. ಮೇಲೆ ಕೂತ ಮದುಮಗ ಪೇಟ ಹಿಡಿದುಕೊಂಡು ಬೆವರುತ್ತಿದ್ದ. ನೀನು ಲಗಾಮು ಸಹ ಹಿಡಿಯದೆ ಬರೀ ಶಿಳ್ಳೆ ಹಾಕುತ್ತ ಮುಂದೆ ನಡೆಯುತ್ತಿದ್ದೆ. ಜನ ಮದುಮಗನನ್ನು ಬಿಟ್ಟು ಕುದುರೆಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಗಿರಣಿ ಬಾಗಿಲಲ್ಲಿ ಮೈಯೆಲ್ಲ ಹಿಟ್ಟು ಮಾಡಿಕೊಂಡು. ನನ್ನ ಗಿರಣಿಯ ಸದ್ದು ಅವನಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಕರೆಂಟು ಹೋಗಿ ಕಲ್ಲು ನಿಂತರೆ ಗೋಡೆಯಾಚೆಯಿಂದ ಕೆನೆಯುತ್ತಿದ್ದ. ಅಂಥ ಸುಖದ ದಿನಗಳು ಮತ್ತೆ ನನಗೆ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ನಿಮ್ಮ ಮನೆಯ ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋಗುತ್ತಿದ್ದಿರಿ. ನಾನು ಗಿರಣಿ ನಿಲ್ಲಿಸಿ ಲಾಯದ ಗೇಟಿನಲ್ಲಿ ಕೂರುತ್ತಿದ್ದೆ. ಇದನ್ನು ಯಾರೂ ಗೊತ್ತು ಮಾಡಿದ್ದಲ್ಲ, ತಾನಾಗಿ ಬಂದ ಪದ್ಧತಿ. ಸಾಬರು ಟೋಪಿ ಸರಿಮಾಡಿಕೊಳ್ಳುತ್ತ ಬಂದು ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿ ಹೋಗುತ್ತಿದ್ದರು.

ಮೋತಿಯನ್ನು ನೋಡಿ ನೋಡಿಯೇ ನನಗೂ ಹುಚ್ಚು ಹತ್ತಿತು. ಗೌರಿ ಅಂತ ಒಂದು ಕೆಂಚು ಹೆಣ್ಣು ಕುದುರೆ ತಂದು ಉಡುತಡಿಯ ನಮ್ಮ ಮನೆಯಲ್ಲಿ ಕಟ್ಟಿದೆ. ಮೋತಿಯಿಂದ ಅವಳಿಗೆ ಒಂದು ಮರಿ ಆಗಬೇಕು, ಅಷ್ಟೇ ಆಸೆ. ಗೌರಿಯನ್ನು ಲಾಯಕ್ಕೆ ಕರೆತಂದು ಸಾಬರನ್ನು ಕೇಳಿದೆ. ಅವರು ಗೌರಿಯ ಬೆನ್ನು, ಸೊಂಟ ಮುಟ್ಟಿ ನೋಡಿ, ಇನ್ನೂ ಎಳೆಯದು, ಮುಂದಿನ ವರ್ಷ ನೋಡೋಣ ಎಂದರು. ಮೆತ್ತಗೇ ಹೇಳಿದರು. ಆದರೆ ಹಿರೇಕೆರೂರಿನಿಂದ ಹೆಣ್ಣು ಕುದುರೆ ತಂದವರು ಅಲ್ಲೇ ನಿಂತಿದ್ದರು, ಸಾಬರು ಅವರದಕ್ಕೆ ಆಗಲಿ ಎಂದರು, ನನ್ನದಕ್ಕೆ ಬೇಡ ಎಂದರು. ಪಕ್ಕದವನಿಗೆ ಇಲ್ಲ, ಬೇರೆ ಊರವರಿಗೆ ಉಂಟು — ಹೀಗೆ ಯೋಚಿಸಿದೆ ನಾನು. ಹೇಳಿಕೊಳ್ಳಲೂ ನಾಚಿಕೆಯಾಗುವಷ್ಟು ಸಣ್ಣ ಸಿಟ್ಟು.

ಆ ಶುಕ್ರವಾರ ಗೌರಿ ಬೆದೆಗೆ ಬಂದಿದ್ದಳು. ಯಾವುದೋ ಮದುವೆಗೆಂದು ಹಿಂದಿನ ದಿನವೇ ತಂದು ಗಿರಣಿಯ ಹಿಂದೆ ಕಟ್ಟಿದ್ದೆ. ಬೆಳಿಗ್ಗೆ ನೀನು ಅಣ್ಣನ ಮಾತು ಮೀರಿ ಮೋತಿಯನ್ನು ಅಂಬ್ಲಿಗೊಳದ ನೀರು ಹರಿಯುವ ಕಾಲುವೆಯ ಏರಿ ಮೇಲೆ ಓಡಿಸಿಕೊಂಡು ಬಂದಿದ್ದೆ. ನನ್ನನ್ನು ನೋಡಿ, ಹೇಳಬೇಡ ಎನ್ನುವ ಹಾಗೆ ನಕ್ಕಿದ್ದೆ. ನೀವು ನಮಾಜಿಗೆ ಹೋದಿರಿ. ಕೀಲಿಕೈ ನನ್ನ ಅಂಗೈಯಲ್ಲಿತ್ತು.

ಗಂಡು ಹೆಣ್ಣು ಕೂಡಿಸುವ ಕೆಲಸಕ್ಕೆ ಮೂವರು ಬೇಕು, ನಿನಗೆ ಗೊತ್ತು. ಹೆಣ್ಣಿನ ತಲೆ ಹಿಡಿಯಲು ಒಬ್ಬ, ಅದು ಒದೆಯದ ಹಾಗೆ ಹಿಂಗಾಲಿಗೆ ಹಗ್ಗ ಕಟ್ಟಲು ಒಬ್ಬ, ಗಂಡನ್ನು ತರಲು ಒಬ್ಬ. ಹಗ್ಗ ಕಟ್ಟದೆ ಮೋತಿಯನ್ನು ಯಾವ ಕುದುರೆಯ ಹತ್ತಿರವೂ ಬಿಡಬಾರದೆಂದು ಸಾಬರ ಕಟ್ಟಾಜ್ಞೆ. ನಾನೊಬ್ಬನೇ ಗೌರಿಯನ್ನು ಲಾಯದ ಅಂಗಳಕ್ಕೆ ತಂದೆ. ಹಗ್ಗ ಹೆಗಲ ಮೇಲೆಯೇ ಇತ್ತು. ಗೌರಿ ನಿಲ್ಲಲೊಲ್ಲಳು. ಹೊತ್ತಾಗುತ್ತಿದೆ, ಜನ ಬಂದುಬಿಡುತ್ತಾರೆ, ಒಂದು ಸಲಕ್ಕೆ ಏನಾದೀತು — ಎಂದುಕೊಂಡು ಮೋತಿಯ ಬಾಗಿಲು ತೆಗೆದೆ.

ಅವನು ಮೈ ತಾಗಿಸುವ ಮೊದಲೇ ಗೌರಿ ಎರಡೂ ಹಿಂಗಾಲು ಜಾಡಿಸಿದಳು. ಒಣಗಿದ ಕಟ್ಟಿಗೆ ಮುರಿದ ಸದ್ದು. ಮೋತಿ ಕೂಗಲಿಲ್ಲ. ಬಲ ಮುಂಗಾಲು ಎತ್ತಿಕೊಂಡು ನಿಂತು ನನ್ನ ಕಡೆ ನೋಡಿದ. ಅವನನ್ನು ಕುಂಟಿಸಿಕೊಂಡು ಹೋಗಿ ಒಳಗೆ ಕಟ್ಟಿದೆ, ಗೌರಿಯನ್ನು ಗಿರಣಿಯ ಹಿಂದಕ್ಕೆ ದಾಟಿಸಿದೆ, ಗೇಟಿನಲ್ಲಿ ಬಂದು ಕೂತೆ. ಮರಿಯೂ ಇಲ್ಲ, ಮಣ್ಣೂ ಇಲ್ಲ. ಅಷ್ಟಕ್ಕೆ ಅಷ್ಟೆಲ್ಲ.

ಸಾಬರು ಬಂದು ನೋಡಿದಾಗ ಮೊಣಕಾಲು ಊದಿತ್ತು, ಚರ್ಮ ತರಚಿತ್ತು. ಕಲ್ಲಿನ ಮೇಲೆ ಬಿದ್ದ ಕಾಲಿನ ಹಾಗೇ ಕಾಣುತ್ತಿತ್ತು. ಅವರು ಮೊದಲು ನನ್ನನ್ನೇ ಕೇಳಿದರು, ಏನಾಯ್ತು ಅಂತ. ಆಗ ಹೇಳಬಹುದಿತ್ತು. ಹೇಳಲಿಲ್ಲ. ಸುಮ್ಮನಾದರೂ ಇರಬಹುದಿತ್ತು. ಅದೂ ಇಲ್ಲ.

"ಬೆಳಿಗ್ಗೆ ಬಂದಾಗ್ಲೇ ಸ್ವಲ್ಪ ಕುಂಟ್ತಿದ್ದಂಗಿತ್ತು ಸಾಬ್ರೇ" ಎಂದೆ.

ಇಷ್ಟೇ, ನಜೀರ. ಇಷ್ಟೇ ಮಾತು. ನೀನು ಎಲ್ಲಿಗೆ ಹೋಗಿದ್ದೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳುವ ಅಗತ್ಯವೇ ಬರಲಿಲ್ಲ. ನೀನು ಸುಳ್ಳಾಡುವವನಲ್ಲ. ಕೂತು ಮೋತಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದೆ. ಅಣ್ಣನ ಮುಖ ನೋಡುವ ಧೈರ್ಯ ಸಾಲದೆ ನನ್ನ ಕಡೆ ತಿರುಗಿದೆ.

"ಏರಿ ಮ್ಯಾಲೆ ಒಂದ್ಸಲ ಎಡವಿದಂಗಾಗಿತ್ತು ಮಲ್ಲೇಶಣ್ಣ. ನಾನೇ ಇರಬೇಕು."

ಮಾಡದ ತಪ್ಪನ್ನು ನೀನು ನಿನ್ನೊಳಗೆ ಹುಡುಕಿ ತೆಗೆದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಸಾಬರು ಕೈ ಎತ್ತಲಿಲ್ಲ, ಕೂಗಾಡಲಿಲ್ಲ. ನನ್ನ ಕುದುರೆಯನ್ನು ಇನ್ನು ಮುಟ್ಟಬೇಡ ಎಂದು ನಿಮ್ಮ ಮನೆಮಾತಿನಲ್ಲಿ ಹೇಳಿದರು, ನನಗೆ ಅಷ್ಟು ಅರ್ಥವಾಗುತ್ತಿತ್ತು. ತಿಂಗಳೊಳಗೆ ನೀನು ಸೊರಬಕ್ಕೆ, ನಿಮ್ಮ ಭಾವನ ವೆಲ್ಡಿಂಗ್ ಅಂಗಡಿಗೆ ಹೋದೆ. ನಾನು ದಿನವೂ ಅರಿಶಿನ ಸುಣ್ಣ ಕಲಸಿ ಬಿಸಿ ಮಾಡಿ ಮೋತಿಯ ಕಾಲಿಗೆ ಹಚ್ಚಿದೆ. ಪಕ್ಕದವರು ಅಂದರೆ ಹೀಗಿರಬೇಕು ಎಂದು ನಿಮ್ಮಮ್ಮ ನನಗೆ ಚಹಾ ಮಾಡಿಕೊಟ್ಟರು. ಕುಡಿದೆ. ಆ ಚಹಾ ಕುಡಿದದ್ದು ಇವತ್ತಿಗೂ...

ಇನ್ನೊಂದು ಸಲವೂ ಅವಕಾಶ ಕೊಟ್ಟಿದ್ದೆ ನೀನು. ಕುಪ್ಪಗಡ್ಡೆಯ ನೆಂಟರ ಮನೆಗೆ ಹೊರಟ ನಾನು ಸೊರಬದಲ್ಲಿ ಇಳಿದು ನಿನ್ನ ಅಂಗಡಿಗೆ ಬಂದಿದ್ದೆ. ಮಾತಾಡುತ್ತಿರುವಾಗ ರಸ್ತೆಯಲ್ಲಿ ಮದುವೆ ಮೆರವಣಿಗೆ ಬಂತು. ಕುದುರೆ ಕಂಡದ್ದೇ ನೀನು ಏನೋ ತರುವವನ ಹಾಗೆ ಒಳಗೆ ಹೋಗಿ, ಬ್ಯಾಂಡು ದೂರವಾದ ಮೇಲೆ ಹೊರಗೆ ಬಂದೆ. ಕೈಯಲ್ಲಿ ಏನೂ ಇರಲಿಲ್ಲ. ನಡೆಯಲು ಕಲಿಯುವ ಮೊದಲೇ ಕುದುರೆ ಹತ್ತಿದವನು ನೀನು. "ಮೋತಿ ಹೆಂಗದಾನೆ?" ಎಂದು ಕೇಳಿದೆ. ಚೆನ್ನಾಗಿದ್ದಾನೆ ಎಂದೆ ನಾನು.

ಕಳೆದ ವಾರ ಶಿಕಾರಿಪುರಕ್ಕೆ ಹೋಗಿದ್ದೆ. ಗಿರಣಿ ಮಾರಿದ ಮೇಲೆ ಆ ಬೀದಿಗೆ ಕಾಲಿಟ್ಟದ್ದೇ ಕಡಿಮೆ. ಮೋತಿ ಇನ್ನೂ ಇದ್ದಾನೆ, ಇನ್ನೂ ಹೆಣ್ಣು ಕುದುರೆಗಳನ್ನು ಹುಡುಕಿಕೊಂಡು ತರುತ್ತಾರೆ ಎಂದು ಯಾರೋ ಹೇಳಿದ್ದರು. ನೋಡಬೇಕೆನಿಸಿತು. ಬೆಲ್ಲ ಕಟ್ಟಿಕೊಂಡು ಹೋದೆ. ಈಗ ಮೈಯೆಲ್ಲ ಬಿಳಿ, ಕತ್ತಿನ ಮೇಲೆ ತುಕ್ಕಿನ ಬಣ್ಣದ ಸಣ್ಣ ಚುಕ್ಕೆಗಳು. ಬೆನ್ನು ಕುಸಿದಿದೆ, ಕಣ್ಣಿನ ಮೇಲೆ ಗುಳಿ ಬಿದ್ದಿದೆ. ಆದರೂ ಕತ್ತು ಎತ್ತಿದರೆ ಅದೇ ಮೋತಿ. ನನ್ನ ಅಂಗೈಯಿಂದ ಬೆಲ್ಲ ತಿಂದ. ಅವನಿಗೆ ನೆನಪಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆನವಟ್ಟಿಯಿಂದ ಒಂದು ಹೆಣ್ಣು ಕುದುರೆ ಬಂದಿತ್ತು. ಯಜಮಾನ ಅದರ ತಲೆ ಹಿಡಿದು ನಿಂತ. ಸಾಬರಿಗೆ ಈಗ ಬಗ್ಗಲಾಗುವುದಿಲ್ಲ. ಹಿಂಗಾಲಿಗೆ ಹಗ್ಗ ಕಟ್ಟಿ ಎಂದು ನನ್ನ ಕೈಗೇ ಕೊಟ್ಟರು. ಮೋತಿಯನ್ನು ಅವರೇ ಕರೆತಂದರು. ಮುದುಕ ಮೋತಿ ಕೆನೆದ, ಕಿವಿ ನಿಮಿರಿಸಿದ, ಕುಂಟುತ್ತಲೇ ಅವಸರ ಮಾಡಿದ — ನಾಲ್ಕು ಮಾರು ದೂರದಲ್ಲಿ ನಿಂತುಬಿಟ್ಟ. ಹೆಣ್ಣಿನ ಹಿಂಗಾಲನ್ನೇ ನೋಡುತ್ತ ನಿಂತ. ನಾನು ಹಗ್ಗ ಸುತ್ತಿ ಗಂಟು ಹಾಕಿದೆ. ಗಂಟು ಬಿಗಿಯಾದ ಮೇಲೆಯೇ ಅವನು ಹೆಜ್ಜೆ ಇಟ್ಟದ್ದು.

ಕೆಲಸ ಮುಗಿದು ಆನವಟ್ಟಿಯವರು ಹೊರಟ ಮೇಲೆ ಸಾಬರು ಗೋಣಿತಟ್ಟಿನಿಂದ ಮೋತಿಯ ಬೆವರು ಒರೆಸುತ್ತ ಹೇಳಿದರು: "ಹಗ್ಗ ಕಟ್ಟೋ ತನಕ ಇವ ಮುಂದಕ್ಕೆ ಹೋಗಂಗಿಲ್ಲ ನೋಡ್ರಿ. ಒದೆ ತಿಂದ ಕುದುರೆ ಹಿಂಗ್ ಮಾಡ್ತಾವೆ. ನನ್ನ ಕೈಯಾಗೆ ಇವ ಯಾವತ್ತೂ ಒದೆ ತಿಂದಿಲ್ಲ. ಎಲ್ಲಿ ಕಲ್ತನೋ ಏನೋ."

ಅವರಿಗೆ ಅನುಮಾನವಿರಲಿಲ್ಲ. ಕುದುರೆಯ ಮೇಲಿನ ಪ್ರೀತಿಯಿಂದ ಹೇಳಿದ ಮಾತು. ಬಹುಶಃ ಬಂದವರಿಗೆಲ್ಲ ಹೇಳುತ್ತಾರೆ. ಆದರೆ ನನಗೆ ಇನ್ನು ನಿಲ್ಲಲಾಗಲಿಲ್ಲ. ಇಷ್ಟು ವರ್ಷ ಅವನು ಪ್ರತಿ ಸಲವೂ ಹಾಗೆ ನಿಂತು ನನ್ನ ಹಗ್ಗಕ್ಕೆ ಕಾದಿದ್ದಾನೆ. ಎಲ್ಲ ಹೇಳಿಬಿಟ್ಟೆ — ಗೌರಿ, ಹಗ್ಗ, ಕುಂಟುತ್ತಿದ್ದ ಎಂದ ಸುಳ್ಳು, ಎಲ್ಲ.

ಸಾಬರ ಕೈಯಲ್ಲಿದ್ದ ಗೋಣಿತಟ್ಟು ಮೋತಿಯ ಬೆನ್ನ ಮೇಲೆ ಹಾಗೇ ನಿಂತಿತು. ರಂಜಾನಿಗೆ ಮನೆಗೆ ಬಂದರೂ ನೀನು ಲಾಯದ ಕಡೆ ತಲೆ ಹಾಕುವುದಿಲ್ಲ ಎಂದು ಗೋಡೆಗೆ ಹೇಳುವವರಂತೆ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, "ನನಗ್ಯಾಕೆ ಹೇಳ್ತೀರಿ? ಅವನಿಗೆ ಹೇಳ್ರಿ" ಎಂದರು.

ಅಷ್ಟರಲ್ಲಿ ಆಜಾನ್ ಕೇಳಿಸಿತು. ಅವತ್ತೂ ಶುಕ್ರವಾರ. ಸಾಬರು ಟೋಪಿ ಸರಿಮಾಡಿಕೊಂಡರು. ಗೇಟಿಗೆ ತಾವೇ ಬೀಗ ಹಾಕಿದರು, ಎಳೆದು ನೋಡಿದರು, ಕೀಲಿಕೈಯನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡು ಮಸೀದಿಯ ಕಡೆ ನಡೆದರು. ನಾನು ಹೊರಗೆ, ಬೀದಿಯಲ್ಲಿ ನಿಂತಿದ್ದೆ.

ನಾಳೆ ಸೊರಬದ ಬಸ್ಸು ಹತ್ತುತ್ತೇನೆ. ಕ್ಷಮಿಸು ಎಂದು ಕೇಳಲು ಅಲ್ಲ. ಅದು ನಿನಗೆ ಬಿಟ್ಟದ್ದು, ಇಲ್ಲ ಎಂದೂ ಅನ್ನಬಹುದು. ಮತ್ತೆ ಕುದುರೆ ಹತ್ತು ಎನ್ನುವ ಬಾಯಿಯೂ ನನಗಿಲ್ಲ. ನಿನ್ನೆದುರು ನಿಂತು, ಅವತ್ತು ಎಡವಿದ್ದು ಕುದುರೆಯಲ್ಲ ಎಂದು ಹೇಳಬೇಕು. ನೀನು ಅಂಗಡಿಯಲ್ಲಿ ಕೇಳಿದ್ದ ಮಾತಿಗೂ ಉತ್ತರ ಬಾಕಿ ಇದೆ. ಮೋತಿ ಹೇಗಿದ್ದಾನೆ ಎಂದು ಕೇಳಿದ್ದೆ.

ಕುಂಟುತ್ತಿದ್ದಾನೆ, ನಜೀರ. ನನ್ನಿಂದ.