ಆ ರಾಣಿಯಂತಾಗು

ಮಗಳ ಕುಬುಸದ ದಿನ ನಾನೊಂದು ಭಾಷಣ ಮಾಡಿದೆ. ಮಾಡು ಎಂದು ಯಾರೂ ಕೇಳಿರಲಿಲ್ಲ. ನಮ್ಮ ಹುಬ್ಬಳ್ಳಿ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನೆಲ್ಲ ಉಣ್ಣಿಸುತ್ತಾರೆ; ಮೈಕು ಹಿಡಿಯುವ ಪದ್ಧತಿಯಿಲ್ಲ. ಆದರೆ ನನ್ನ ಅಳಿಯನ ಮನೆಯವರು ಕೊರಿಯಾದವರು. ಅವನು ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದವನು, ನಮ್ಮ ಹೋಳಿಗೆ ಎಂದರೆ ಪ್ರಾಣ ಬಿಡುತ್ತಾನೆ. ಅವನ ತಾಯಿ, ಅಂದರೆ ನನ್ನ ಬೀಗತಿ, ಮದುವೆಯಾದಂದಿನಿಂದ ನನ್ನೊಡನೆ ಹತ್ತು ಮಾತು ಆಡಿದ್ದರೆ ಹೆಚ್ಚು. ಮಗ ಬೇರೆ ದೇಶದ ಹುಡುಗಿಯನ್ನು ಕಟ್ಟಿಕೊಂಡನೆಂಬ ಕೊರಗು ಅವರಿಗಿದೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವರ ದೇಶದ ಇತಿಹಾಸದಿಂದಲೇ ಅವರಿಗೆ ಉತ್ತರ ಕೊಡಬೇಕೆಂದು ಹಟಕ್ಕೆ ಬಿದ್ದೆ.

ಉತ್ತರ ಸಿಕ್ಕಿದ್ದು ಮಿಲ್ಪಿಟಾಸಿನಿಂದ ಆಫೀಸಿಗೆ ಹೋಗುವ ರೈಲಿನಲ್ಲಿ, ಫೋನಿನಲ್ಲಿ. ಕೊರಿಯಾವನ್ನು ಗೊರ್ಯೋ ಎಂದು ಕರೆಯುತ್ತಿದ್ದ ಕಾಲದ ಒಬ್ಬ ರಾಜ. ಎಳೆಯನಾಗಿದ್ದಾಗಲೇ ಅವನನ್ನು ಮಂಗೋಲ ಚಕ್ರವರ್ತಿಯ ಆಸ್ಥಾನಕ್ಕೆ ಒತ್ತೆಯಾಗಿ ಒಯ್ದರು. ಅಲ್ಲೇ ಬೆಳೆದು, ಮಂಗೋಲ ರಾಜಕುಮಾರಿಯೊಬ್ಬಳನ್ನು ಮದುವೆಯಾಗಿ, ತನ್ನ ನಾಡಿಗೆ ಮರಳಿ ಪಟ್ಟವೇರಿದ. ಏರಿದವನೇ ಮಂಗೋಲರ ಜಡೆ, ಮಂಗೋಲರ ಉಡುಪು ಎರಡನ್ನೂ ಬಿಟ್ಟ. ಅವರ ಕೈಗೊಂಬೆಗಳಾಗಿದ್ದ ದೊಡ್ಡ ಮನೆತನದವರನ್ನು ಕೊಲ್ಲಿಸಿದ. ಮಂಗೋಲರು ನುಂಗಿದ್ದ ಉತ್ತರದ ನೆಲವನ್ನು ಸೈನ್ಯ ಕಳಿಸಿ ಕಿತ್ತುಕೊಂಡ. ಹೆಂಡತಿ ತವರಿನ ಪಕ್ಷ ವಹಿಸಲಿಲ್ಲ. ಒಮ್ಮೆ ಅವನು ಬೌದ್ಧ ವಿಹಾರವೊಂದರಲ್ಲಿ ತಂಗಿದ್ದಾಗ ಬಂಡಾಯದವರು ಕತ್ತಿ ಹಿರಿದು ನುಗ್ಗಿದರು. ರಾಜ ಒಳಕೋಣೆಯಲ್ಲಿ ಕಂಬಳಿ ಹೊದ್ದು ಅಡಗಿದ. ರಾಣಿ ಹೋಗಿ ಬಾಗಿಲಿಗೆ ಅಡ್ಡ ಕೂತಳು. ಅವಳನ್ನು ದಾಟಿ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಓದುತ್ತ ನನಗೆ ರೋಮಾಂಚನವಾಯಿತು. ಅಷ್ಟರಲ್ಲಿ ಸ್ಟೇಷನ್ ಬಂತು. ಇಷ್ಟು ಸಾಕು ಎಂದು ಫೋನನ್ನು ಬ್ಯಾಗಿಗೆ ಹಾಕಿದೆ.

ನನ್ನ ಉದ್ಯೋಗ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ರಿಪೋರ್ಟಿನ ಕೊನೆಯ ಪುಟ ಓದದೆ ಒಪ್ಪಿಗೆ ಕೊಟ್ಟವರನ್ನು ಮೀಟಿಂಗಿನಲ್ಲಿ ಎಲ್ಲರೆದುರೇ ಜಾಡಿಸಿದವಳು ನಾನು.

ಕುಬುಸದ ಮಧ್ಯಾಹ್ನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮೂವತ್ತು ಜನರಿದ್ದರು. ರಾಜನ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ, ಚೆನ್ನಾಗಿಯೇ ಹೇಳಿದೆ. ಬೇರೆ ದೇಶದಿಂದ ಬಂದ ಸೊಸೆ ಗಂಡನ ಮನೆಯನ್ನು ಹೇಗೆ ಕಾಯುತ್ತಾಳೆ ನೋಡಿ ಎಂದು ಬೀಗತಿಯ ಕಡೆ ತಿರುಗಿ ಒಂದು ಕುಟುಕು ಮಾತೂ ಸೇರಿಸಿದೆ. ಆಮೇಲೆ ಮಗಳ ತಲೆಯ ಮೇಲೆ ಅಕ್ಷತೆ ಹಾಕಿ, “ಆ ರಾಣಿಯಂತಾಗು, ನನ್ನವ್ವಾ” ಎಂದೆ. ಬೀಗರಿಗೂ ತಿಳಿಯಲಿ ಎಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗತಿ ಮಾತ್ರ ತಟ್ಟಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದು ಪಾರ್ಕಿಂಗಿನ ಕಡೆ ಹೋದವರು ತಿರುಗಿ ಬರಲಿಲ್ಲ. ತಲೆನೋವಂತೆ ಎಂದು ಅಳಿಯ ಬಂದು ಹೇಳಿದ.

ನನಗೆ ಮೈಯೆಲ್ಲ ಉರಿಯಿತು. ಶುಭಕಾರ್ಯದ ನಡುವೆ ಎದ್ದು ಹೋಗುವುದೆಂದರೇನು? ಸಂಜೆ ಪಾತ್ರೆ ತೊಳೆಯುವಾಗ ನನ್ನವರು, “ಬೀಗರ ಬಾಯಿಗೇ ಬೀಗ ಹಾಕ್ಸಿದಿ ನೋಡು” ಎಂದು ನಕ್ಕರು. ಅಂಥದ್ದೇನು ಹೇಳಿದೆ ಎಂದು ಒದ್ದೆ ಕೈಯಲ್ಲೇ ಫೋನು ತೆಗೆದು ಉಳಿದ ಕತೆ ಓದಿದೆ.

ರಾಣಿಗೆ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಕೊನೆಗೂ ಬಸುರಾದಳು. ಹೆರಿಗೆ ಕಷ್ಟವಾಯಿತು. ರಾಜ ಗುಡಿಗುಡಿಗಳಲ್ಲಿ ಪ್ರಾರ್ಥನೆ ಮಾಡಿಸಿದ. ಮರಣದಂಡನೆಯಾದ ಕೈದಿಗಳನ್ನೂ ಕ್ಷಮಿಸಿದ. ಧೂಪ ಹಚ್ಚಿಕೊಂಡು ಅವಳ ಪಕ್ಕದಲ್ಲೇ ಕೂತ. ಅವಳು ಹೆರಿಗೆಯಲ್ಲೇ ಸತ್ತಳು. ಆಮೇಲೆ ಅವನು ತಾನೇ ಅವಳ ಚಿತ್ರ ಬರೆದು, ಅದನ್ನು ಎದುರಿಗಿಟ್ಟುಕೊಂಡು ಉಣ್ಣುತ್ತ ಅಳುತ್ತಿದ್ದನಂತೆ. ರಾಜ್ಯವನ್ನು ಒಬ್ಬ ಸನ್ಯಾಸಿಯ ಕೈಗೆ ಬಿಟ್ಟ. ಕಡೆಗೆ ತನ್ನ ಪರಿವಾರದವರ ಕೈಯಲ್ಲೇ ಕೊಲೆಯಾದ.

ನನ್ನ ಮಗಳಿಗೂ ಎಂಟು ವರ್ಷ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಉಡಿ ತುಂಬಿಸಿಕೊಂಡು ಕೂತ ಅವಳ ತಲೆಯ ಮೇಲೆ ಕೈಯಿಟ್ಟು ನಾನು ಹಾರೈಸಿದ್ದು ಇದನ್ನು. ಫೋನನ್ನು ನನ್ನವರ ಮುಂದೆ ಹಿಡಿದೆ. “ಆರ್ನೂರು ವರ್ಷದ ಹಿಂದಿನ ಮಾತದು, ಸುಮ್ಮ ಊಟ ಮಾಡು” ಎಂದರು ನನ್ನವರು. ಮಗಳಿಗೆ ಇದು ತಿಳಿಯಬಾರದೆಂದು ಅವರಿಂದ ಆಣೆ ಮಾಡಿಸಿಕೊಂಡೆ. ಬೀಗತಿಗೆ ಮೂರು ಸಲ ಫೋನು ಮಾಡಿದೆ. ಅವರು ಎತ್ತಲಿಲ್ಲ.

ಐದು ವಾರ ಕಳೆಯಿತು. ಮಗಳ ಬಿ.ಪಿ. ಏರಿದಾಗೆಲ್ಲ ನನ್ನ ನಾಲಿಗೆಯನ್ನೇ ಶಪಿಸಿಕೊಂಡೆ. ಅವಳು ಮಾತ್ರ ಏನೂ ಆಗದವಳಂತೆ ತೊಟ್ಟಿಲ ಬಣ್ಣ ಯಾವುದಿರಲಿ ಎಂದು ಕೇಳುತ್ತಿದ್ದಳು. ಕಡೆಗೊಂದು ಬೆಳಿಗ್ಗೆ, ಇನ್ನು ಕಾಯುವುದು ಬೇಡ ಎಂದು ಡಾಕ್ಟರು ಪಾಲೋ ಆಲ್ಟೋದ ಆಸ್ಪತ್ರೆಗೆ ಸೇರಿಸಿಕೊಂಡರು. ನೋವು ಬರಿಸಿದರು. ಹನ್ನೊಂದರ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿ ಆಪರೇಷನ್ನಿಗೆ ಒಯ್ದರು. ಅಳಿಯ ನೀಲಿ ಗೌನು ತೊಟ್ಟು ಒಳಗೆ ಹೋದ. ನನ್ನವರು ಕಾಫಿ ತರುವ ನೆಪದಲ್ಲಿ ಎದ್ದು ಹೋದರು. ಇಂಥ ಹೊತ್ತಿನಲ್ಲಿ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ.

ಬೀಗತಿ ಬಂದರು. ಕೈಯಲ್ಲೊಂದು ದೊಡ್ಡ ಥರ್ಮಾಸು. ಅಷ್ಟೆಲ್ಲ ಖುರ್ಚಿ ಖಾಲಿಯಿದ್ದರೂ ನನ್ನ ಪಕ್ಕದಲ್ಲೇ ಕೂತರು. ಅಷ್ಟರಲ್ಲಿ ನರ್ಸು ಹೊರಬಂದು, ಹೆಣ್ಣು ಮಗು, ಚೆನ್ನಾಗಿದೆ ಎಂದಳು. ತಾಯಿಗೆ ರಕ್ತಸ್ರಾವ ನಿಂತಿಲ್ಲ, ಡಾಕ್ಟರು ನೋಡುತ್ತಿದ್ದಾರೆ ಎಂದು ಹೇಳಿ ಹೊರಟೇ ಹೋದಳು. ಇಬ್ಬರು ರಕ್ತದ ಚೀಲ ಹಿಡಿದು ನಮ್ಮೆದುರೇ ಒಳಗೆ ಓಡಿದರು.

ನನಗೆ ತಡೆಯಲಾಗಲಿಲ್ಲ. “ಆ ಕತೆಯನ್ನು ನಾನು ಪೂರ್ತಿ ಓದಿರಲಿಲ್ಲ. ನನಗೆ ಗೊತ್ತಿರಲಿಲ್ಲ” ಎಂದೆ.

“ಗೊತ್ತಿದ್ದವರು ಯಾರೂ ಹಾಗೆ ಹೇಳುವುದಿಲ್ಲ” ಎಂದರು ಅವರು ತಮ್ಮ ತುಂಡು ತುಂಡು ಇಂಗ್ಲಿಷಿನಲ್ಲಿ. “ನನಗೆ ಸಿಟ್ಟು ಬರಲಿಲ್ಲ. ಭಯವಾಯಿತು. ನನ್ನ ಮುಖ ಅವಳು ನೋಡಬಾರದೆಂದು ಹೊರಗೆ ಹೋದೆ.”

“ಫೋನು ಎತ್ತಲಿಲ್ಲ ನೀವು.”

“ಎತ್ತಿದ್ದರೆ ಹೇಳಿಬಿಡುತ್ತಿದ್ದೆ. ನಿಮಗೂ ಭಯವಾಗುತ್ತಿತ್ತು.” ಆ ಮಧ್ಯಾಹ್ನದಿಂದ ಒಂದು ದಿನವೂ ತಪ್ಪದೆ ತಮ್ಮ ಚರ್ಚಿನ ಬೆಳಗಿನ ಜಾವದ ಪ್ರಾರ್ಥನೆಗೆ ಹೋಗಿದ್ದರಂತೆ. ಇಂಥ ಹೆಂಗಸನ್ನು ನಾನು ಗರ್ವದವಳೆಂದುಕೊಂಡಿದ್ದೆ. ನಾಚಿಕೆಯಾಯಿತು. ಅವರ ಕೈ ಹಿಡಿದುಕೊಂಡೆ. ಅದು ನನ್ನ ಕೈಗಿಂತ ತಣ್ಣಗಿತ್ತು. ನನಗೆ ನೆನಪಿದ್ದ ದೇವರನ್ನೆಲ್ಲ ಕರೆದೆ. ಕೈದಿಗಳನ್ನು ಬಿಡುಗಡೆ ಮಾಡಿದ ಆ ರಾಜನ ಸಂಕಟ ನನಗೆ ಅರ್ಥವಾಗಿದ್ದು ಆಗಲೇ.

ನಲವತ್ತು ನಿಮಿಷದ ಮೇಲೆ ಡಾಕ್ಟರಮ್ಮ ಬಂದು, ರಕ್ತ ನಿಂತಿತು ಎಂದರು. ಬೀಗತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಮಗಳನ್ನು ನೋಡಲು ಬಿಟ್ಟಾಗ ನಾಲ್ಕು ಗಂಟೆ. ಅವಳ ತುಟಿಗೆ ಬಣ್ಣವೇ ಇರಲಿಲ್ಲ. ಬೀಗತಿ ಥರ್ಮಾಸು ಬಿಚ್ಚಿದರು. ಬಾಣಂತಿಗೆ ಅವರ ಕಡೆ ಕೊಡುವ ಸಮುದ್ರದ ಸೊಪ್ಪಿನ ಸಾರು. ಮೀನೂ ಇಲ್ಲ, ಮಾಂಸವೂ ಇಲ್ಲ ಎಂದು ನನಗೆ ಎರಡು ಸಲ ಹೇಳಿದರು. ಕುಡಿಯಬಹುದೇ ಎಂದು ಕೇಳಲು ಅವರು ನರ್ಸಿನ ಹತ್ತಿರ ಹೋದಾಗ ನಾನು ಮಗಳ ಕಿವಿಯ ಹತ್ತಿರ ಬಗ್ಗಿದೆ. ಕುಬುಸದ ದಿನ ಒಂದು ತಪ್ಪು ಮಾಡಿದ್ದೆ, ಆ ರಾಣಿಯ ಕತೆ ಪೂರ್ತಿ ಗೊತ್ತಿರಲಿಲ್ಲ ಎಂದು ಶುರು ಮಾಡಿದೆ.

“ನಂಗೊತ್ತು, ಅಮ್ಮಾ. ಶೀ ಡೈಡ್. ನೀನು ಮಾತಾಡ್ತಿದ್ದಾಗ್ಲೇ ಫೋನಲ್ಲಿ ನೋಡ್ದೆ.”

“ಮತ್ತ ಯಾಕ ಹೇಳಲಿಲ್ಲ ನನಗ?”

“ನೀನು ಅವತ್ತು ತುಂಬಾ ಹ್ಯಾಪಿ ಆಗಿದ್ದೆ” ಎಂದು ಹೇಳಿ ಅವಳು ಕಣ್ಣು ಮುಚ್ಚಿದಳು.

ಆ ಭಯವನ್ನೂ ಮಗುವನ್ನೂ ಒಟ್ಟಿಗೇ ಹೊಟ್ಟೆಯಲ್ಲಿಟ್ಟುಕೊಂಡು ಅವಳು ಐದು ವಾರ ನನ್ನೆದುರು ನಗುನಗುತ್ತ ಓಡಾಡಿದ್ದಳು.