ಫೋಟೋದಲ್ಲಿಲ್ಲದ ಕೆಂಪು ಗಂಟು

ಬೀದಿಯವರೆಲ್ಲ ಅವನನ್ನು ಟಚಪ್ ಮಾಮ ಎಂದೇ ಕರೆಯುತ್ತಿದ್ದರು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷ ಊರವರ ಮುಖ ತಿದ್ದಿದವನು. ಮೊದಲು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್, ಆಮೇಲೆ ಕಂಪ್ಯೂಟರ್. ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು, ಏನೇ ಇದ್ದರೂ ಅವನ ಕೈಗೆ ಸಿಕ್ಕರೆ ಮಂಗಮಾಯ. ತಮ್ಮದೇ ಗುರುತಿನ ಚೀಟಿಯಲ್ಲಿ ತಮ್ಮ ಗುರುತು ಸಿಗದೆ ಪೇಚಾಡಿದವರೂ ಇದ್ದರು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮಗಳು ಹುಟ್ಟಿದಳು. ಮೂರನೆಯ ವಾರ ಅವಳ ಎಡಗೆನ್ನೆಯಲ್ಲಿ ಸೊಳ್ಳೆ ಕಚ್ಚಿದಷ್ಟು ಕೆಂಪು ಕಾಣಿಸಿತು. ನೋಡನೋಡುತ್ತ ಅದು ಉಬ್ಬಿ, ಟೊಮೆಟೊ ಚೂರಿನ ಹಾಗೆ ಮೆತ್ತಗೆ ಕೂತಿತು.

"ರೀ, ಡಾಕ್ಟ್ರಿಗೆ ತೋರಿಸೋಣ" ಎಂದಳು ಹೆಂಡತಿ.

"ಹುಟ್ಟು ಮಚ್ಚೆ ಕಣೇ, ತಾನಾಗೇ ಹೋಗುತ್ತೆ" ಎಂದ ಮಹಾಶಯ, ಬಂಧುಗಳಿಗೆ ಫೋಟೋ ಕಳಿಸುವ ಮೊದಲು ಅದರಲ್ಲಿ ಕೆನ್ನೆಯ ಕೆಂಪು ಅಳಿಸಿಬಿಟ್ಟ. ಪ್ರತಿ ತಿಂಗಳೂ ಅದೇ ಕತೆ. ಸ್ಟುಡಿಯೋದ ಗೋಡೆಗೂ ಒಂದು ಫೋಟೋ ಏರಿತು. ಗೋಡೆಯ ಮೇಲಿನ ಮಗುವಿಗೆ ಗಂಟಿರಲಿಲ್ಲ, ತೊಟ್ಟಿಲಲ್ಲಿದ್ದದ್ದಕ್ಕೆ ಇತ್ತು. ಅವನು ಗೋಡೆಯದನ್ನೇ ಹೆಚ್ಚು ನೋಡಿದ.

ಮಗಳಿಗೆ ಆರು ತುಂಬಿತು. ಅಂಟುರೋಗವೆಂದು ಶಾಲೆಯ ಮಕ್ಕಳು ಪಕ್ಕ ಕೂರುವುದನ್ನೇ ಬಿಟ್ಟಾಗ ಗಂಡಹೆಂಡಿರು ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ಚರ್ಮದ ಡಾಕ್ಟರಮ್ಮ ಗಂಟನ್ನು ಮೆಲ್ಲಗೆ ಒತ್ತಿ ನೋಡಿದರು. "ರಕ್ತನಾಳಗಳೇ ಗುಂಪಾಗಿ ಬೆಳೆದಿರೋದು. ಎಳೇ ಮಕ್ಕಳಲ್ಲಿ ತುಂಬಾ ಮಾಮೂಲು. ಕ್ಯಾನ್ಸರ್ ಗೀನ್ಸರ್ ಅಲ್ಲ, ಅಂಟೋದೂ ಇಲ್ಲ. ಮೊದಲ ತಿಂಗಳುಗಳಲ್ಲೇ ತಂದಿದ್ರೆ ಕುಡಿಯೋ ಔಷಧೀಲೇ ಬಹಳಷ್ಟು ಕುಗ್ತಿತ್ತು."

"ಈಗ?" ಎಂದ ಅವನು.

"ಇನ್ನೂ ಕುಗ್ತಾ ಇದ್ರೆ ಕಾಯೋಣ. ನಿಂತುಹೋಗಿದ್ರೆ ಲೇಸರ್, ಇಲ್ಲ ಸಣ್ಣ ಆಪರೇಷನ್. ಹಳೇ ಫೋಟೋ ತನ್ನಿ, ಗೊತ್ತಾಗುತ್ತೆ. ಮನೇಲಿ ಇರುತ್ತಲ್ಲ?"

"ರಾಶಿ ಇದೆ ಡಾಕ್ಟ್ರೇ" ಎಂದಳು ಹೆಂಡತಿ, ಗಂಡನ ಕಡೆ ತಿರುಗದೆ. "ಒಂದರಲ್ಲೂ ಇದು ಮಾತ್ರ ಇಲ್ಲ."

ಅವನು ಕಂಪ್ಯೂಟರನ್ನೆಲ್ಲ ಜಾಲಾಡಿದ, ತಿದ್ದದ ಫೋಟೋ ಒಂದೂ ಸಿಗಲಿಲ್ಲ. ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸುವುದು ಅವನ ಅಭ್ಯಾಸ. ಯಾವ ಗಿರಾಕಿ ತಾನೇ ಮೊಡವೆಯಿದ್ದ ಫೋಟೋ ವಾಪಸು ಕೇಳುತ್ತಾನೆ? ಕೊನೆಗೆ, ಅಳಿಸಿದ ಗಂಟನ್ನು ನೆನಪಿನಿಂದಲೇ ಫೋಟೋದಲ್ಲಿ ಬರೆದುಬಿಡೋಣವೆಂದು ಕೂತ. ವರ್ಷದ ಮಗುವಿನ ಕೆನ್ನೆಯಲ್ಲಿ ಗಂಟು ಎಷ್ಟು ದೊಡ್ಡದಿತ್ತು? ಕೈ ಏಳಲಿಲ್ಲ. ನೆಟ್ಟಗೆ ನೋಡಿದ್ದರೆ ತಾನೇ ನೆನಪಿರುವುದು. ತಾನು ಎಂಥ ತಂದೆಯೆಂದು ಹೇಸಿಗೆಯಾಯಿತು.

ಉಳಿದದ್ದು ಒಂದೇ ದಾರಿ, ಇನ್ನು ಮೇಲೆ ತಿಂಗಳಿಗೊಂದು ಫೋಟೋ ತೆಗೆದು, ತಿದ್ದದೆ ಡಾಕ್ಟರಮ್ಮನಿಗೆ ಒಪ್ಪಿಸುವುದು. ಮರುದಿನ ಮಗಳನ್ನು ಸ್ಟುಡಿಯೋಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ ದೀಪ ಹಾಕಿದ. ಯಾರೂ ಹೇಳದೆಯೇ ಅವಳು ಬಲಗೆನ್ನೆ ತೋರಿಸಿದಳು.

"ಆ ಕಡೆ ಅಲ್ಲ ಪುಟ್ಟಿ, ಈ ಕಡೆ."

ತಿರುಗಿದಳು. "ಆಮೇಲೆ ಅಳಿಸ್ತೀಯಲ್ಲಪ್ಪಾ?"

"ಇಲ್ಲಮ್ಮಾ. ಈ ಸಲ ನೀನು ಹೇಗಿದ್ದೀಯೋ ಹಾಗೇ."

ಅವಳು ಸ್ಟೂಲಿನಿಂದ ಇಳಿದು ಗೋಡೆಯ ಮೇಲಿನ ಮಗುವಿನತ್ತ ಬೆರಳು ತೋರಿಸಿದಳು.

"ನಾನು ಹಾಗಿರೋದು" ಎಂದಳು. ಕೆನ್ನೆಗೆ ಅಂಗೈ ಒತ್ತಿಕೊಂಡು ಬಾಗಿಲ ಕಡೆ ನಡೆದಳು.